ನಾಲ್ಕು ಪಟ್ಟು

ನಸುಕಿನಲ್ಲಿ ಚಿಲಕ ಸದ್ದಾಗದಂತೆ ಸರಿಯಿತು. ನಿದ್ದೆ ನಟಿಸುತ್ತಿದ್ದವನು ಒಂದು ಕಣ್ಣು ಮಾತ್ರ ತೆರೆದ. ಹೆಂಡತಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಹೊಸ್ತಿಲು ದಾಟುತ್ತಿದ್ದಳು. ಆರು ತಿಂಗಳ ಬಸುರಿ, ತನ್ನ ಮನೆಯಿಂದಲೇ ಕಳ್ಳಿಯ ಹಾಗೆ. ಹೊರಗೆ ಪಕ್ಕದ ಮನೆಯ ಬಡಗಿಯ ಗೂಡ್ಸ್ ಆಟೋ ಕೆಮ್ಮಿತು.

ಇದು ಮೊದಲ ದಿನವಲ್ಲ. ವಾರದಿಂದ ನೋಡುತ್ತಿದ್ದಾನೆ. ಬಡಗಿಗೆ ಇನ್ನೂ ಮದುವೆಯಾಗಿಲ್ಲ, ನೋಡಲೂ ಚೆನ್ನಾಗಿದ್ದಾನೆ. ಇವತ್ತು ತಡೆಯಲಾರದೆ ಅಂಗಿ ತೊಟ್ಟು ಸೈಕಲ್ ಹತ್ತಿದ.

ಅವನು ನೀರು ಸರಬರಾಜು ಇಲಾಖೆಯಲ್ಲಿ ಪ್ರಕಟಣೆ ಬರೆಯುವವನು. "ನೀರು ಕುಡಿಯಲು ಯೋಗ್ಯವಾಗಿದೆ. ನಾಗರಿಕರು ನಿಶ್ಚಿಂತೆಯಿಂದ ಇರಬೇಕೆಂದು ಕೋರಲಾಗಿದೆ." ದಿನಾ ಸಂಜೆ ಊರಿಗೆಲ್ಲ ಹೋಗುವ ಈ ಸಾಲುಗಳು ಅವನವೇ. ಬೀದಿಯವರು ಅವನಿಗೆ 'ಪ್ರಕಟಣೆ ಸಾಹೇಬ್ರು' ಎಂದು ಹೆಸರಿಟ್ಟಿದ್ದರು. ತಮಾಷೆಗೋ ಗೌರವಕ್ಕೋ ಯಾರಿಗೆ ಗೊತ್ತು, ಅವನಂತೂ ಗೌರವಕ್ಕೆಂದೇ ತಿಳಿದಿದ್ದ.

ನೀರು ಯೋಗ್ಯವಾಗಿರಲಿಲ್ಲ. ಹಳೆಯ ಕೊಳವೆಗಳಿಂದ ಅದಕ್ಕೆ ಸೀಸ ಸೇರುತ್ತಿತ್ತು, ಇರಬಹುದಾದ ಮಿತಿಯ ನಾಲ್ಕು ಪಟ್ಟು. ಬಸುರಿಯರು, ಮಕ್ಕಳು ಇದನ್ನು ಮುಟ್ಟಲೇಬಾರದು ಎಂದು ಪ್ರಯೋಗಾಲಯದ ಹುಡುಗಿ ಮುಖ ಕೆಂಪಗೆ ಮಾಡಿಕೊಂಡು ಹೇಳಿದ್ದಳು. ನಿರ್ದೇಶಕರು ಎದ್ದು ಬಾಗಿಲು ಹಾಕಿದರು. "ಹೊಸ ಕೊಳವೆ ಬರೋವರೆಗೆ ಈ ಮಾತು ಈ ರೂಮಿಂದ ಆಚೆ ಹೋಗ್ಬಾರ್ದು. ಹೋದ್ರೆ, ಹೇಳಿದವರ ಕೆಲಸಾನೂ ಜೊತೆಗೇ ಹೋಗುತ್ತೆ." ಕೋಣೆಯಲ್ಲಿದ್ದವರು ಮೂವರೇ.

ಅವತ್ತು ಮನೆಗೆ ಬಂದರೆ ಹೆಂಡತಿ ನಲ್ಲಿಯ ನೀರನ್ನು ಗಟಗಟ ಕುಡಿಯುತ್ತಿದ್ದಳು. ಹೇಳಲೆಂದು ಬಾಯಿ ತೆರೆದ. ಇವಳಿಗೆ ಹೇಳಿದರೆ ಪಕ್ಕದ ಮನೆಗೆ, ಪಕ್ಕದ ಮನೆಯಿಂದ ಬೀದಿಗೆ. ಕೆಲಸ ಹೋದರೆ ಹೆರಿಗೆಯ ಹೊತ್ತಿಗೆ ಏನು ಗತಿ? ಮಾತನ್ನು ನುಂಗಿದ. ಮರುದಿನವೂ ನುಂಗಿದ. ಆಮೇಲೆ ಅದೇ ರೂಢಿಯಾಯಿತು. ತಾನೂ ಅದೇ ನೀರನ್ನು ಕಣ್ಣು ಮುಚ್ಚಿ ಕುಡಿದ, ಅದೇ ಪ್ರಾಯಶ್ಚಿತ್ತ ಎಂಬಂತೆ. ವಿಚಿತ್ರವೆಂದರೆ, ಈಚೆಗೆ ಮನೆಯ ನೀರು ರುಚಿಯಾಗಿತ್ತು. "ನೀರಿನ ರುಚಿ ಸುಧಾರಿಸಿದೆ" ಎಂದು ಪ್ರಕಟಣೆಗೆ ಇನ್ನೊಂದು ಸಾಲು ಸೇರಿಸಿದ, ಪುಣ್ಯಾತ್ಮ.

"ರಾತ್ರಿ ಚೆನ್ನಾಗಿ ನಿದ್ದೆ ಬಂತಾ?" ಎಂದು ಹೆಂಡತಿ ದಿನಾ ಬೆಳಿಗ್ಗೆ ಕೇಳುತ್ತಿದ್ದಳು.

"ನನಗೇನಾಗಿದೆ? ಕೊರಡಿನ ಹಾಗೆ ಬಿದ್ಕೊಂಡಿದ್ದೆ."

ಅವಳು ಏನೋ ಹೇಳಹೊರಟು, ಹೇಳದೆ, ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದಳು. ತಪ್ಪು ಮಾಡಿದವರ ಮುಖ ಹೀಗೇ ಇರುತ್ತದೆ ಎಂದುಕೊಂಡ. ಸಾಲು ಮನೆಗಳು ಅವು. ಮೊದಲೆಲ್ಲ ಇವನ ಗೊರಕೆಗೆ ಗೋಡೆ ಗುದ್ದಿ ರೇಗಿಸುತ್ತಿದ್ದ ಬಡಗಿ ಈಗ ಗುದ್ದುವುದಿಲ್ಲ. ಎದುರು ಸಿಕ್ಕರೆ ಕಣ್ಣು ತಪ್ಪಿಸುತ್ತಾನೆ.

ಇದರ ಮೇಲೆ ನಿರ್ದೇಶಕರ ಗುಡುಗು ಬೇರೆ. "ನಾಲ್ಕು ಪಟ್ಟು ಅಂತ ನಿಮ್ಮ ಬೀದೀಲೇ ಮಾತಾಡ್ತಿದಾರಂತಲ್ರೀ! ನಾನು ಹೇಳಿಲ್ಲ. ನೀವು ಹೇಳೋರಲ್ಲ. ಇನ್ನು ಉಳಿದವಳು ಯಾರು? ಬರೆದು ತನ್ನಿ."

ಬರೆದ. ಗುಟ್ಟು ಹೊರಗೆ ಬಿಟ್ಟವಳು ಪ್ರಯೋಗಾಲಯದ ಹುಡುಗಿಯೇ ಎಂದು ಅರ್ಧ ಪುಟ. "ಸಾರ್, ನಮ್ಮನೇಲಿ ದುಡಿಯೋಳು ನಾನೊಬ್ಬಳೇ. ದೇವರಾಣೆಗೂ ನಾನು ಯಾರಿಗೂ ಹೇಳಿಲ್ಲ" ಎಂದು ಅವಳು ಅತ್ತಿದ್ದಳು. ಮತ್ತೆ ಇನ್ಯಾರು, ಗಾಳಿ ಹೇಳಿತೇ? ಸಹಿ ಹಾಕಿದ ಆ ಕಾಗದ ಈಗ ಅವನ ಜೇಬಿನಲ್ಲಿತ್ತು. ಇವತ್ತು ಕಚೇರಿಯಲ್ಲಿ ಕೊಡಬೇಕು.

ಆಟೋ ಏರಿನಲ್ಲಿ ತೆವಳುತ್ತ ಹೋಗಿ ಗುಡ್ಡದಾಚೆಯ ಸಸಿ ತೋಟದ ಮುಂದೆ ನಿಂತಿತು. ಅವನು ಏದುಸಿರು ಬಿಡುತ್ತ ಬೇಲಿಗೆ ಸೈಕಲ್ ಒರಗಿಸಿದ. ಇಣುಕಿದ.

ತೋಟದ ಕೊಳವೆಬಾವಿಯ ಮುಂದೆ ಅವನ ಇಡೀ ಬೀದಿ ಸಾಲುಗಟ್ಟಿ ನಿಂತಿತ್ತು. ಕೊಡ, ಕ್ಯಾನು, ಬಕೆಟ್ಟು. ಹೆಂಡತಿಯ ಕೈಯಿಂದ ಕ್ಯಾನು ಕಿತ್ತುಕೊಂಡ ಬಡಗಿ, "ನೀವು ಎತ್ತಬೇಡಿ ಅಕ್ಕಾ, ಕೂತ್ಕೊಳ್ಳಿ ಸುಮ್ಮನೆ" ಎಂದು ಗದರುತ್ತಿದ್ದ.

ಅಕ್ಕಾ! ಅವನಿಗೆ ಅಲ್ಲೇ ಕುಸಿದು ಅಳುವಷ್ಟು ಸಮಾಧಾನವಾಯಿತು. ಸದ್ಯ, ಮಗುವಿಗೆ ಒಳ್ಳೆಯ ನೀರೇ ಸಿಗುತ್ತಿದೆ. ತನ್ನ ಲೋಟಕ್ಕೆ ಬರುತ್ತಿದ್ದುದೂ ಇದೇ ಇರಬೇಕು. ಆದರೆ ಅದರ ಬೆನ್ನಿಗೇ ಸಿಟ್ಟು ನೆತ್ತಿಗೇರಿತು. ಬೇಲಿ ದಾಟಿ ಬಂದ.

"ನನ್ನ ಮಾತಿನ ಮೇಲೆ ನಿಮಗ್ಯಾರಿಗೂ ನಂಬಿಕೆ ಇಲ್ವಾ?"

"ಛೆ ಛೆ, ಎಲ್ಲಾದರೂ ಉಂಟಾ ಸಾಹೇಬ್ರೆ," ಎಂದ ಬಡಗಿ. "ನಿಮ್ಮ ಬಾಯಿಂದ ಬಂದಿದ್ದನ್ನ ನಂಬಿದ್ದಕ್ಕೇ ನಾವೆಲ್ಲ ನೆಟ್ಟಗಿದೀವಿ."

ಹಂಗಿಸುತ್ತಿದ್ದಾನೆ ಎಂದುಕೊಂಡು ಅವನು ಹೆಂಡತಿಯತ್ತ ತಿರುಗಿದ. ಜೇಬಿನಿಂದ ಕಾಗದ ತೆಗೆದು ಅವಳ ಮುಂದೆ ಹಿಡಿದ. "ನಾಲ್ಕು ಪಟ್ಟು ಅಂತ ನಿನಗೆ ಹೇಳಿದ್ದು ನಮ್ಮ ಪ್ರಯೋಗಾಲಯದ ಹುಡುಗಿ ತಾನೇ? ಹೂಂ ಅನ್ನು ಸಾಕು. ಇವತ್ತಿಗೆ ಅವಳ ಕೆಲಸ ಮುಗೀತು."

ಅವಳು ಕಾಗದವನ್ನು ಕೊನೆಯವರೆಗೆ ಓದಿದಳು. ಕಣ್ಣು ತುಂಬಿ ಬಂತು. ಜ್ವರ ಬಂದವರ ಕೈ ಹಿಡಿಯುವ ಹಾಗೆ ಅವನ ಕೈ ಹಿಡಿದಳು.

"ಆ ಹುಡುಗಿ ಯಾರೋ ನನಗೆ ಗೊತ್ತೇ ಇಲ್ಲ ಕಣ್ರೀ. ನಿಮ್ಮ ಕೆಲಸಕ್ಕೆ ಕುತ್ತು ಬರುತ್ತೆ ಅಂತ, ಯಾರಿಂದ ಗೊತ್ತಾಯ್ತು ಅನ್ನೋದನ್ನ ಮಾತ್ರ ನಾವ್ಯಾರೂ ಬಾಯಿ ಬಿಟ್ಟಿಲ್ಲ."

"ಮತ್ತೆ ಯಾರು ಹೇಳಿದ್ದು?"

"ದಿನಾ ರಾತ್ರಿ ನಿದ್ದೇಲಿ ನನ್ನ ಕೈ ಹಿಡ್ಕೊಂಡು, 'ನೀರು ಕುಡೀಬೇಡ ಕಣೇ, ನಾಲ್ಕು ಪಟ್ಟು ಸೀಸ ಇದೆ' ಅಂತ ಅಷ್ಟು ಜೋರಾಗಿ ಅಳ್ತೀರಲ್ಲ, ನಮ್ಮ ಗೋಡೆ ಎಷ್ಟು ದಪ್ಪ ಇದೆ ಅಂದ್ಕೊಂಡಿದ್ರಿ?"