ಮೂರು ಪ್ರತಿಗಳ ಗ್ರಂಥಪಾಲ

“ನೋಡ್ತಾ ನಿಂತ್ರೆ ಆಗಲ್ಲ ಸ್ವಾಮಿ, ಕೊರೀರಿ!” ಎಂದ ಗ್ರಂಥಪಾಲ.

ರಿಪೇರಿಯವನು ಡ್ರಿಲ್ ಕೆಳಗಿಟ್ಟ. ಕಂಪ್ಯೂಟರಿನಿಂದ ಬಿಚ್ಚಿದ ಹಳೆಯ ಡಿಸ್ಕ್ ಮೇಜಿನ ಮೇಲಿತ್ತು. “ಸಾರ್, ಇದಕ್ಕಿನ್ನೂ ಜೀವ ಇದೆ. ಸಂಜೆವರೆಗೆ ಟೈಮ್ ಕೊಡಿ, ಒಳಗಿರೋದನ್ನೆಲ್ಲ ತೆಗೆದುಕೊಡ್ತೀನಿ. ಆಮೇಲೆ ಕೊರೆಯೋಣ.”

“ಒಳಗಿರೋದ್ರದ್ದು ನನ್ನ ಹತ್ರ ಮೂರು ಪ್ರತಿ ಇದೆ. ಹೊಸ ಡಿಸ್ಕ್ ಹಾಕಿದ್ದಾಯ್ತಲ್ಲ? ಇದು ಕಂಡಕಂಡವರ ಕೈಗೆ ಸಿಗಬಾರದು.”

ಪಕ್ಕದಲ್ಲಿ ಗ್ರಂಥಪಾಲನ ಹೆಂಡತಿ ಬ್ಯಾಗಿನ ಹಿಡಿ ಹಿಂಡುತ್ತಿದ್ದಳು. ಕಿವಿ ಕೇಳದ ಮಕ್ಕಳ ಶಾಲೆಯ ಟೀಚರು. ಒಂಬತ್ತು ವರ್ಷ ಕೂತು ಆ ಮಕ್ಕಳ ಕೈಸನ್ನೆಗಳಿಗೊಂದು ನಿಘಂಟು ಮಾಡಿದ್ದಳು. ಒಂದೊಂದು ಸನ್ನೆಗೂ ಒಂದೊಂದು ವಿಡಿಯೋ. ಆ ಡಿಸ್ಕಿನಲ್ಲಿದ್ದದ್ದು ಅದೇ. ಸನ್ನೆ ಮಾಡಿ ತೋರಿಸಿದ ಮಕ್ಕಳು ಶಾಲೆ ಬಿಟ್ಟು ದಿಕ್ಕಿಗೊಬ್ಬರಾಗಿದ್ದರು. ನಾಳೆ ಬೆಳಿಗ್ಗೆ ಅದನ್ನು ಪ್ರಕಾಶಕರಿಗೆ ಒಪ್ಪಿಸಬೇಕಿತ್ತು.

“ಸಂಜೆ ತನಕ ತಾನೇ ರೀ, ಕಾಯೋಣ.”

“ಶುರುವಾಯ್ತು ನಿನ್ನ ರಾಗ!”

ಈ ರಾಗ ಹಳೆಯದು. ಆರು ವರ್ಷದ ಹಿಂದೆ ಅವಳ ತಂಗಿ, ಇಂಟರ್ನೆಟ್‌ನಲ್ಲೊಂದು ಪ್ರತಿ ಇಡಿ ಭಾವ ಎಂದಿದ್ದಳು. “ಮನೆ ಬೀಗದ ಕೈ ಬೀದಿಯವರಿಗೆ ಕೊಡ್ಲಾ?” ಎಂದು ಅವಳ ಬಾಯಿ ಮುಚ್ಚಿಸಿದ. ತಾನೇ ಕಾಪಿ ಮಾಡಿಕೊಳ್ಳುತ್ತೇನೆಂದು ಹೆಂಡತಿ ಹೇಳಿದಾಗ, “ನೀನು?” ಎಂದು ನಕ್ಕ. ಊರಿಗೆಲ್ಲ ಬುದ್ಧಿ ಹೇಳುವ ಮಹಾಶಯ ಮನೆಯವಳ ಮಾತು ಕೇಳುತ್ತಾನೆಯೇ? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಅವನ ವ್ಯವಸ್ಥೆಯೇನು ಸಾಮಾನ್ಯವೇ! ಹೆಂಡತಿಗೆ ಗೊಂದಲವಾಗದಿರಲೆಂದು ಹನ್ನೆರಡು ಅಧ್ಯಾಯಗಳಿಗೂ ಪರದೆಯ ಮೇಲೆ ಒಂದೊಂದು ಚಿತ್ರ ಜೋಡಿಸಿಕೊಟ್ಟಿದ್ದ; ಒತ್ತಿದರೆ ಅಧ್ಯಾಯ ತೆರೆಯುತ್ತಿತ್ತು. ಭಾನುವಾರ ಬಂತೆಂದರೆ ಆ ಹನ್ನೆರಡನ್ನೂ ಮೂರು ಪೆನ್‌ಡ್ರೈವ್‌ಗಳಿಗೆ ಹಾಕುವುದು. ಒಂದು ಬೀರುವಿಗೆ, ಒಂದು ಗ್ರಂಥಾಲಯಕ್ಕೆ, ಒಂದು ಅಕ್ಕನ ಮನೆಗೆ. ಕಾಟಾಚಾರದ ಕೆಲಸವಲ್ಲ; ಮೂರನ್ನೂ ಅದೇ ಕಂಪ್ಯೂಟರಿನಲ್ಲಿ ತೆರೆದು ಪರೀಕ್ಷಿಸುತ್ತಿದ್ದ. ಒಮ್ಮೆಯೂ ಕೈಕೊಟ್ಟದ್ದಿಲ್ಲ. ಎಲ್ಲ ಸೇರಿ ಎರಡೇ ನಿಮಿಷ. “ಗೊತ್ತಿದ್ದವರು ಮಾಡಿದ್ರೆ ಹೀಗೆ,” ಎಂದು ಬೀಗುತ್ತಿದ್ದ.

“ಅಷ್ಟೊಂದು ವಿಡಿಯೋ ಪೆನ್‌ಡ್ರೈವ್‌ನಲ್ಲಿ ಹಿಡೀತಾ ಸಾರ್?” ಎಂದ ರಿಪೇರಿಯವನು.

“ಹಿಡಿಯೋದೇನು, ಇನ್ನೂ ಬೇಕಾದಷ್ಟು ಜಾಗ ಇದೆ. ಜೋಡಿಸೋಕೆ ಬರ್ಬೇಕು ಅಷ್ಟೆ. ನನಗೇ ಪಾಠ ಹೇಳ್ತೀರಾ?”

ರಿಪೇರಿಯವನು ಡ್ರಿಲ್ ಎತ್ತಿಕೊಂಡ. ಒಂದು ತೂತು ಸಾಲದೆಂದು ಗ್ರಂಥಪಾಲ ಮೂರು ಹಾಕಿಸಿದ.

ಮನೆಗೆ ಬಂದವನೇ ಬೀರುವಿನ ಪೆನ್‌ಡ್ರೈವ್ ಸಿಕ್ಕಿಸಿದ. ಹನ್ನೆರಡು ಅಧ್ಯಾಯಗಳ ಹೆಸರೂ ಸಾಲಾಗಿ ಬಂದವು.

“ನೋಡು! ಬೆಳಿಗ್ಗೆಯಿಂದ ಸುಮ್ಸುಮ್ನೆ ಜೀವ ತಿಂದೆ.”

ಹೆಂಡತಿಗೆ ಹೋದ ಜೀವ ಬಂದಂತಾಯಿತು. “ತಪ್ಪಾಯ್ತು ರೀ,” ಎಂದು ಕಣ್ಣೊರೆಸಿಕೊಂಡಳು.

ಮೊದಲ ಅಧ್ಯಾಯ ಒತ್ತಿದ. ತೆರೆಯಲಿಲ್ಲ. ಎರಡನೆಯದೂ ಇಲ್ಲ. ಹನ್ನೆರಡರಲ್ಲಿ ಒಂದೂ ಇಲ್ಲ. ಆಟೋ ಹಿಡಿದು ಗ್ರಂಥಾಲಯದ್ದು ತಂದ, ಅಕ್ಕನ ಮನೆಯದ್ದು ತಂದ. ಅದೇ ಕಥೆ. ವೈರಸ್ ಎಂದ, ಹೊಸ ಡಿಸ್ಕೇ ಕಳಪೆ ಎಂದ, ರಿಪೇರಿಯವನು ಕಳ್ಳ ಎಂದ.

ಹೆಂಡತಿ ಅಂಗಡಿಗೆ ಫೋನ್ ಮಾಡಿದಳು.

“ಹೆಸರಿನ ಪಕ್ಕದ ಚಿತ್ರದಲ್ಲಿ ಚಿಕ್ಕದೊಂದು ಬಾಣ ಇದ್ಯಾ ಮೇಡಂ?”

“ಇದೆ. ಹನ್ನೆರಡಕ್ಕೂ ಇದೆ.”

ರಿಪೇರಿಯವನು ನಿಧಾನವಾಗಿ ಬಿಡಿಸಿ ಹೇಳಿದ.

ಆರು ವರ್ಷ ಗ್ರಂಥಪಾಲ ಮೂರು ಮೂರು ಕಡೆ ಜೋಪಾನ ಮಾಡಿದ್ದು ಬರೀ ಶಾರ್ಟ್‌ಕಟ್‌ಗಳನ್ನು, ಅಂದರೆ ಪುಸ್ತಕ ಯಾವ ಕಪಾಟಿನಲ್ಲಿದೆ ಎಂದು ಹೇಳುವ ಚೀಟಿಗಳನ್ನು. ಪುಸ್ತಕವಿದ್ದ ಒಂದೇ ಒಂದು ಕಪಾಟಿಗೆ ಬೆಳಿಗ್ಗೆ ಅವನೇ ಎದುರು ನಿಂತು ತೂತು ಕೊರೆಸಿದ್ದ.