ಕೈಗೆ ನೀರು

ನ್ಯಾಮಿಜಿ ಹೂಜಿಯಿಂದ ನೀರು ಹೊಯ್ಯುತ್ತಿದ್ದಳು. ಚಿಕ್ಕಮ್ಮನನ್ನು ಮದುವೆಗೆ ಕೇಳಲು ಬಂದ ಮಸಾಲು ಊಟಕ್ಕೆ ಕೈ ತೊಳೆಯುತ್ತಿದ್ದ. ಹುಟ್ಟಿನಿಂದಲೇ ಮೈ, ಕೂದಲು ಬೆಳ್ಳಗಿದ್ದ ಪುಟ್ಟ ನ್ಯಾಮಿಜಿಗೆ ದೂರದ ಮುಖಗಳೆಲ್ಲ ಮಸುಕು. ಅಂಥ ಮಕ್ಕಳ ಕೈಕಾಲು ಕಡಿದು ಮಾಟಕ್ಕೆ ಮಾರುವವರಿದ್ದ ಸೀಮೆಯಲ್ಲಿ ಅವಳು ಹೊಸಬರ ಕೈಗಳನ್ನೇ ನೋಡುತ್ತಿದ್ದಳು.

"ಯಾಕೇ ನಡುಗ್ತೀಯಾ? ನಾನೇನು ಕತ್ತೆಕಿರುಬಾನಾ?" ಮಸಾಲು ನಕ್ಕ.

"ಯಾರನ್ನ ಕಂಡ್ರೂ ಅವಳು ಹಂಗೇ," ಎಂದಳು ಅಜ್ಜಿ.

ಅವನ ಹೆಬ್ಬೆರಳ ಬುಡದಲ್ಲಿ ಹಲ್ಲು ನಾಟಿದ ಕಲೆಯಿತ್ತು. ನಡುವೆ ಒಂದು ಹಲ್ಲಿನ ಜಾಗ ಖಾಲಿ. ಹೋದ ವರ್ಷ ಜೋಳದ ಹೊಲದಲ್ಲಿ ಯಾರೋ ಹಿಂದಿನಿಂದ ಅವಳ ಬಾಯಿ ಅದುಮಿದಾಗ, ಅವಳ ಮುಂದಿನ ಹಲ್ಲು ಆಗಷ್ಟೇ ಬಿದ್ದಿತ್ತು.

ನಡುಕ ನಿಂತಿತು.

"ಅಜ್ಜಿ, ಬಾಗಿಲು ಹಾಕು. ಈ ಕೈ ಕಚ್ಚಿದ್ದು ನಾನೇ."

ಅಜ್ಜಿ ಅಗುಳಿ ಜಡಿದಳು. ಮುದ್ದೆಗೆಂದು ಒಲೆಯ ಮೇಲೆ ಕುದಿಯುತ್ತಿದ್ದ ನೀರಿನ ಪಾತ್ರೆಯನ್ನು ಎತ್ತಿಕೊಂಡಳು.

"ಕೈ ಹಿಂದಕ್ಕೆ ತಗೋಬೇಡಪ್ಪ. ಇನ್ನೂ ತೊಳ್ದಾಗಿಲ್ಲ."