ನಾಲಿಗೆ ಚಾಚಿದ ತಾತ

ಕೈ ಬಿಟ್ಟಿದ್ದು ಒಂದೇ ಒಂದು ಗಳಿಗೆ...

ಕುಶಾಲನಗರದ ಸಂತೆಯಲ್ಲಿ ಸುಗುಣ ಬಗ್ಗಿ ಸೊಪ್ಪು ಆರಿಸುತ್ತಿದ್ದಳು. ತಲೆ ಎತ್ತಿದಾಗ ನಾಲ್ಕು ವರ್ಷದ ಮಗಳು ಪೂರ್ವಿ ಪಕ್ಕದಲ್ಲಿರಲಿಲ್ಲ.

"ಪೂರ್ವೀ..."

ಜನ, ಬುಟ್ಟಿ, ಆಟೋ, ಹಾರ್ನ್... ಎಲ್ಲ ಇವೆ. ಮಗು ಮಾತ್ರ ಇಲ್ಲ.

ಬೆಳಗ್ಗೆ ತಾನೇ ಯಾರೋ ಕಳಿಸಿದ್ದ ವಾಯ್ಸ್ ಮೆಸೇಜ್ ಕಿವಿಯಲ್ಲಿ ಗುಂಯ್‌ಗುಟ್ಟಿತು... "ಮಕ್ಕಳ ಕಳ್ಳರು ಬಂದಿದ್ದಾರೆ. ನಮ್ಮ ಕಡೆಯವರಲ್ಲ. ಭಾಷೆ ಬರಲ್ಲ. ಹುಷಾರು!"

ಓಡಿದಳು. ಎದುರಾದವರನ್ನೆಲ್ಲ ಕೇಳಿದಳು.

ಆಗ ಕಂಡಿತು...

ರಸ್ತೆಯಾಚೆ, ಪಾದದವರೆಗೂ ನಿಲುವಂಗಿ ತೊಟ್ಟ ಒಬ್ಬ ಟಿಬೆಟನ್ ಮುದುಕ. ಅವನ ಕಂಕುಳಲ್ಲಿ ಪೂರ್ವಿ! ಮಗು ಬಿಕ್ಕಿ ಬಿಕ್ಕಿ ಅಳುತ್ತಿದೆ. ಅವನು ಸಂತೆಗೆ ಬೆನ್ನು ಹಾಕಿ ಬಿರಬಿರನೆ ನಡೆಯುತ್ತಿದ್ದಾನೆ.

"ಹಿಡೀರಿ! ಮಕ್ಕಳ ಕಳ್ಳ! ನನ್ನ ಮಗೂನ ಎತ್ಕೊಂಡು ಹೋಗ್ತಿದ್ದಾನೆ!"

ನೋಡನೋಡುತ್ತ ಇಪ್ಪತ್ತು ಜನ ಸುತ್ತುವರಿದರು. ಸುಗುಣ ಮಗಳನ್ನು ಕಿತ್ತುಕೊಂಡು ಎದೆಗೆ ಅವಚಿಕೊಂಡಳು.

ಮುದುಕ ಏನೋ ಹೇಳಿದ. ಯಾರಿಗೂ ತಿಳಿಯಲಿಲ್ಲ. ಟೋಪಿ ತೆಗೆದ, ಸುಗುಣಳ ಮುಂದೆ ತಲೆ ಬಾಗಿದ... ಉದ್ದಕ್ಕೆ ನಾಲಿಗೆ ಚಾಚಿದ.

"ನೋಡ್ರೋ, ಸಿಕ್ಕಿಬಿದ್ರೂ ಅಣಕಿಸ್ತಾನೆ!"

ಯಾರೋ ಕೆನ್ನೆಗೆ ಬಾರಿಸಿದರು. ಕನ್ನಡಕ ಹಾರಿ ಬಿತ್ತು. ಅವನು ಇನ್ನೂ ಕೆಳಗೆ ಬಾಗಿದ... ಮತ್ತೆ ನಾಲಿಗೆ ಚಾಚಿದ.

ಇನ್ನೊಂದು ಏಟು. ತುಟಿ ಒಡೆದು ರಕ್ತ ಬಂತು.

"ಹೊಡೀಬೇಡಿ! ನಿಮ್ಮ ದಮ್ಮಯ್ಯ, ಹೊಡೀಬೇಡಿ! ನಮ್ಮ ತಾತ ಇವರು!"

ಜನರನ್ನು ತಳ್ಳಿಕೊಂಡು ಬಂದವಳು ದೇಕಿ. ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿನಲ್ಲೇ ಹುಟ್ಟಿ ಬೆಳೆದ ಹುಡುಗಿ, ಅವಳಿಗೆ ಕನ್ನಡ ನೀರು ಕುಡಿದಷ್ಟು ಸಲೀಸು.

"ಅಕ್ಕಾ, ಇವರು ಲಡಾಖಿನ ಟಿಬೆಟನ್ ಕ್ಯಾಂಪಿನಿಂದ ಬಂದು ಹದಿನೈದು ದಿನ ಆಯ್ತು ಅಷ್ಟೇ. ನಮ್ಮಲ್ಲಿ ಹಳಬರು ನಾಲಿಗೆ ತೋರಿಸೋದು ಅಣಕಿಸೋಕಲ್ಲ... 'ನಿಮಗೆ ನಮಸ್ಕಾರ, ನನ್ನಲ್ಲಿ ಕೆಟ್ಟದ್ದೇನೂ ಇಲ್ಲ' ಅಂತ!"

"ಹಾಗಿದ್ರೆ ಮಗೂನ ಎಲ್ಲಿಗೆ ಒಯ್ತಿದ್ದ?" ಗುಂಪಿನಿಂದ ಒಂದು ದನಿ.

ದೇಕಿ ತಾತನನ್ನು ಕೇಳಿದಳು. ಅವಳ ಕಣ್ಣು ತುಂಬಿತು.

"ಪೊಲೀಸರ ಹತ್ತಿರ... ದಾರಿ ತಪ್ಪಿದ್ರೆ ಅಲ್ಲಿಗೆ ಹೋಗಿ ಅಂತ ನಾನೇ ಇವರಿಗೆ ಹೇಳಿಕೊಟ್ಟಿದ್ದೆ."

ಪೂರ್ವಿ ಅಮ್ಮನ ಸೆರಗು ಜಗ್ಗಿದಳು. "ಅಮ್ಮಾ... ಲಾರಿ ಬಂತು. ತಾತ ನನ್ನ ಎಳ್ಕೊಂಡ್ರು."

ಗುಂಪು ಸದ್ದಿಲ್ಲದೆ ಕರಗಿತು. ಹೊಡೆದವರು ಯಾರೆಂದು ಕೇಳಲೂ ಯಾರೂ ಉಳಿಯಲಿಲ್ಲ.

ಸುಗುಣ ಕನ್ನಡಕ ಎತ್ತಿಕೊಂಡಳು. ಕೊಡಲೆಂದು ಕೈ ಚಾಚಿದಳು...

ತಾತ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡರು!

ಇನ್ನೊಂದು ಏಟು ಬಿತ್ತು ಅಂದುಕೊಂಡಿದ್ದರು.

ತನ್ನನ್ನು ಕಂಡು ಒಬ್ಬರು ಹೀಗೆ ಹೆದರಬಹುದು ಅಂತ ಸುಗುಣ ಕನಸಿನಲ್ಲೂ ಎಣಿಸಿರಲಿಲ್ಲ. ಮಣ್ಣಿನ ಮೇಲೆಯೇ ಕುಸಿದು ಕುಳಿತಳು. ಅವರ ಪಾದ ಹಿಡಿದು ಅತ್ತಳು.

ಬಹಳ ಹೊತ್ತಿನ ಮೇಲೆ ಅವರು ಮೆಲ್ಲಗೆ ಕೈ ಸರಿಸಿದರು. ದೇಕಿಯ ಕಡೆ ತಿರುಗಿ ಏನೋ ಕೇಳಿದರು.

"ಏನಂತೆ?" ಸುಗುಣ ತಲೆ ಎತ್ತಿ ಕೇಳಿದಳು.

"ಮಗು ತುಂಬಾ ಅತ್ತಿದೆ... ಹಸಿವಾಗಿರಬೇಕು, ಏನಾದರೂ ತಿನ್ನಿಸಿ ಅಂತಿದ್ದಾರೆ ಅಕ್ಕಾ."

ಹೆದರಿದ ಕಣ್ಣಿಗೆ, ಕೈ ಮುಗಿದವನೂ ಕೈ ಎತ್ತಿದವನಂತೆಯೇ ಕಾಣುತ್ತಾನೆ.

ಭಾಷೆ ತಿಳಿಯದ ಯಾರನ್ನೋ ಕಂಡು ನೀವೂ ಒಮ್ಮೆ ಹಿಂದೆ ಸರಿದಿರಬಹುದು... ಅವರು ನಿಜಕ್ಕೂ ಏನು ಹೇಳುತ್ತಿದ್ದರು?